ನಮ್ಮ ಕಡೆ ಮಾತಿಗೆ ಒಂದು ಸಿನಿಮಾ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಸಿನಿಮಾ ಬಗ್ಗೆ ಮಾತಾಡೋಣ. ಥಿಯೇಟರಿಗೆ ಬರುವ ಸಿನಿಮಾ ಅಲ್ಲ. ಯಾರು ಬೇಕಾದರೂ ಇಳಿಸಿಕೊಂಡು, ಕತ್ತರಿಸಿ, ಬೇರೆ ದನಿ ಕೊಟ್ಟು, ಮತ್ತೆ ಊರಿಗೆಲ್ಲ ತೋರಿಸಬಹುದಾದ ಸಿನಿಮಾ. ಯಾರ ಅಪ್ಪಣೆಯೂ ಬೇಡ, ದುಡ್ಡೂ ಬೇಡ. ಇಂಥವು ನಿಜವಾಗಿಯೂ ಇವೆ. ಕಲಬುರಗಿ, ಬೀದರ, ಯಾದಗಿರಿಯ ನಮ್ಮ ಹುಡುಗ ಹುಡುಗಿಯರಿಗೆ ಇವು ಬೇರೆಯವರಿಗಿಂತ ಜಾಸ್ತಿ ಬೇಕು ಅಂತ ನನಗೆ ಅನಿಸುತ್ತದೆ.

ನಾನು ಮದುವೆ ವಿಡಿಯೋ ಎಡಿಟ್ ಮಾಡುವವನು. ಫೋನಿನಲ್ಲಿ ಸುಮ್ನೆ ನೋಡಲು ಸಿಗುವುದೆಲ್ಲ ನಮ್ಮದಲ್ಲ ಅನ್ನೋದು ನಮ್ಮ ಕೆಲಸದಲ್ಲಿ ಬೇಗ ಗೊತ್ತಾಗುತ್ತದೆ. ಒಂದು ಸಿನಿಮಾ ಹಾಡು ಹಾಕಿ ವಿಡಿಯೋ ಏರಿಸಿದರೆ ಸಾಕು, ಹಕ್ಕು ಕೇಳಿಕೊಂಡು ಕಂಪನಿಯ ಸಂದೇಶ ಬರುತ್ತದೆ. ನೋಡಲು ಪುಕ್ಕಟೆ ಇದ್ದರೂ ಬಳಸಲು ಹಕ್ಕಿಲ್ಲ.

ಈಗ ಬೇರೆ ದಾರಿ ಹಿಡಿದವರ ಕಥೆ ಕೇಳಿ. ನೆದರ್ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮಿನಲ್ಲಿ ಬ್ಲೆಂಡರ್ ಫೌಂಡೇಶನ್ ಅಂತ ಒಂದು ಸಂಸ್ಥೆ ಇದೆ. ಬ್ಲೆಂಡರ್ ಅಂದರೆ ಕಂಪ್ಯೂಟರಿನಲ್ಲಿ ಬೊಂಬೆ ಕುಣಿಸುವ, ಅನಿಮೇಶನ್ ಮಾಡುವ ಸಾಫ್ಟ್‌ವೇರ್. ಅದನ್ನು ಕಟ್ಟಿದವರು ಟಾನ್ ರೋಸೆಂಡಾಲ್. 2002ರಲ್ಲಿ ಜನರೇ ಏಳು ವಾರದಲ್ಲಿ ಒಂದು ಲಕ್ಷ ಯೂರೋ ಕೂಡಿಸಿ ಕೊಟ್ಟರು, ಆಮೇಲೆ ಆ ಸಾಫ್ಟ್‌ವೇರ್ ಎಲ್ಲರದಾಯಿತು. 2006ರಲ್ಲಿ ಅವರು 'ಎಲಿಫೆಂಟ್ಸ್ ಡ್ರೀಮ್' ಅನ್ನುವ ಕಿರುಚಿತ್ರ ಮಾಡಿದರು. ಚಿತ್ರ ಬಿಟ್ಟದ್ದು ದೊಡ್ಡದಲ್ಲ, ಅದರ ಜೊತೆ ಒಳಗಿನ ಸಾಮಾನೆಲ್ಲ ಕೊಟ್ಟುಬಿಟ್ಟರು. ಪಾತ್ರಗಳ ಬೊಂಬೆ, ಬೆಳಕಿನ ಲೆಕ್ಕ, ಒಂದೊಂದು ಶಾಟಿನ ಫೈಲು, ಎಲ್ಲ. ತೆರೆದು ನೋಡಿ ಕಲಿಯಬಹುದು, ಬದಲಾಯಿಸಬಹುದು, ಅದರಿಂದ ದುಡಿಯಲೂಬಹುದು. ಷರತ್ತು ಒಂದೇ, ಮಾಡಿದವರ ಹೆಸರು ಹೇಳಬೇಕು. 2008ರಲ್ಲಿ 'ಬಿಗ್ ಬಕ್ ಬನ್ನಿ', 2010ರಲ್ಲಿ 'ಸಿಂಟೆಲ್', 2012ರಲ್ಲಿ 'ಟಿಯರ್ಸ್ ಆಫ್ ಸ್ಟೀಲ್', ಹೀಗೇ ಬಂದವು. ಪುಕ್ಕಟೆ ಸಾಫ್ಟ್‌ವೇರ್ ಅಂದರೆ ಕಳಪೆ ಅಂದುಕೊಳ್ಳುವವರು ನಮ್ಮಲ್ಲಿ ಬಹಳ. 2025ರಲ್ಲಿ ಆಸ್ಕರ್ ಗೆದ್ದ 'ಫ್ಲೋ' ಅನಿಮೇಶನ್ ಚಿತ್ರ ಮಾಡಿದ್ದು ಇದೇ ಬ್ಲೆಂಡರಿನಲ್ಲಿ.

ನನಗೆ ಆಸೆ ಹುಟ್ಟಿಸಿದ್ದು ಸಿಂಟೆಲ್. ಹದಿನೈದು ನಿಮಿಷದ ಚಿತ್ರ. ಕಳೆದುಹೋದ ಡ್ರ್ಯಾಗನ್ ಮರಿಯನ್ನು ಹುಡುಕುತ್ತಾ ಒಬ್ಬ ಹುಡುಗಿ ಹಿಮದಲ್ಲಿ ಅಲೆದು, ಒಬ್ಬ ಮುದುಕನ ಗುಡಿಸಲಿಗೆ ಬರುತ್ತಾಳೆ. ಆ ಹುಡುಗಿ ನಮ್ಮ ಕಡೆಯವಳಾಗಿದ್ದರೆ ಹೇಗೆ ಮಾತಾಡುತ್ತಿದ್ದಳು? "ಮುತ್ಯಾ, ನನ್ ಮರಿಗಿ ಹುಡುಕ್ಲತ್ತೀನಿ, ಎಲ್ಲಿ ಹೋಗ್ಯಾದೋ ಗೊತ್ತಿಲ್ಲ" ಅನ್ನುತ್ತಿದ್ದಳು, ಅಲ್ವಾ? ನಮ್ಮ ಮಾತು ಸಿನಿಮಾದಲ್ಲಿ ಬಂದರೆ ಬಹಳ ಸಲ ನಗಿಸಲಿಕ್ಕೆ ಮಾತ್ರ ಬರುತ್ತದೆ. ಅಳುವವರ, ಹೆದರಿದವರ, ಧೈರ್ಯ ಮಾಡುವವರ ಬಾಯಲ್ಲಿ ಅದನ್ನು ಕೇಳುವುದು ಅಪರೂಪ, ಇದು ನನಗೆ ಬಹಳ ನೋವು ಕೊಡುವ ಸಂಗತಿ. ಸಿಂಟೆಲ್‌ಗೆ ಕಲಬುರಗಿ ಕನ್ನಡದಲ್ಲಿ ದನಿ ಕೊಟ್ಟರೆ ಯಾರೂ ತಡೆಯುವುದಿಲ್ಲ. ಮುಖ್ಯವಾಗಿ ಮಾತಾಡುವವರು ಇಬ್ಬರೇ.

ಇನ್ನು ಹಾಡಿನ ಗೊಡವೆ. ಅಮೆರಿಕದ ನೀನಾ ಪೇಲಿ 2008ರಲ್ಲಿ ರಾಮಾಯಣ ಇಟ್ಟುಕೊಂಡು 'ಸೀತಾ ಸಿಂಗ್ಸ್ ದ ಬ್ಲೂಸ್' ಅಂತ ಅನಿಮೇಶನ್ ಚಿತ್ರ ಮಾಡಿದರು. ಹೆಚ್ಚುಕಡಿಮೆ ಒಬ್ಬರೇ ಕೂತು ಮಾಡಿದ ಚಿತ್ರ. ಅದರಲ್ಲಿ 1920ರ ದಶಕದ ಹಾಡುಗಳಿವೆ. ಹಾಡುಗಾರ್ತಿಯ ಧ್ವನಿಮುದ್ರಣ ಬಳಸಲು ಅಡ್ಡಿ ಇರಲಿಲ್ಲ, ಆದರೆ ಹಾಡು ಬರೆದವರ ಹಕ್ಕು ಕಂಪನಿಗಳ ಕೈಯಲ್ಲಿತ್ತು. ಸುಮಾರು 50,000 ಡಾಲರ್ ಕಟ್ಟಬೇಕಾಯಿತು. ಅಷ್ಟೆಲ್ಲ ಆದ ಮೇಲೂ ಅವರು ಚಿತ್ರವನ್ನು ಜನರಿಗೆ ಬಿಟ್ಟರು, 2013ರಲ್ಲಿ ತಮಗಿದ್ದ ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟರು. ಹಾಡಿನಲ್ಲಿ ಬರೆದವರ ಹಕ್ಕು ಬೇರೆ, ಹಾಡಿದವರ ಹಕ್ಕು ಬೇರೆ. ಕಡಕೋಳ ಮಡಿವಾಳಪ್ಪನವರ ತತ್ವಪದ ಯಾರ ಆಸ್ತಿಯೂ ಅಲ್ಲ, ಆದರೆ ಕ್ಯಾಸೆಟ್ಟಿನಲ್ಲಿರುವ ಹಾಡಿಕೆ ಹಾಗಲ್ಲ. ನಿಮ್ಮ ಊರಿನ ಭಜನಿ ಮೇಳದವರನ್ನು ಕೇಳಿ, ಹೊಸದಾಗಿ ಹಾಡಿಸಿ. ಯಾವುದಕ್ಕೆ ಬಳಸುತ್ತೇವೆ, ಬೇರೆಯವರೂ ಬಳಸಬಹುದು ಅನ್ನುವುದನ್ನು ಮೊದಲೇ ಬಿಡಿಸಿ ಹೇಳಿ, ಒಪ್ಪಿಗೆ ಬರೆಸಿಕೊಳ್ಳಿ.

ಬರೀ ಬೇರೆಯವರದು ತಗೊಂಡರೆ ಆಯಿತೇ? ನಾವೂ ಕೊಡಬೇಕು. ಬೀದರಿನಲ್ಲಿ ಬಿದ್ರಿ ಕೆಲಸ ಮಾಡುವ ಕಾರೀಗರು ಸತು, ತಾಮ್ರ ಬೆರೆಸಿ ಪಾತ್ರೆ ಎರಕ ಹೊಯ್ದು, ಗೆರೆ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ಕಪ್ಪು ಬರಿಸುತ್ತಾರೆ. ನಾವು ಅದನ್ನು ಗಂಟೆಗಟ್ಟಲೆ ಚಿತ್ರೀಕರಿಸಿ, ಮೂರು ನಿಮಿಷದ ವಿಡಿಯೋ ಮಾಡಿ, ಉಳಿದದ್ದನ್ನು ಅಳಿಸಿಬಿಡುತ್ತೇವೆ, ಯಾಕಂದರೆ ಹಾರ್ಡ್‌ಡಿಸ್ಕಿನಲ್ಲಿ ಜಾಗ ಇರಲ್ಲ. ಹಾಗೆ ಮಾಡಬೇಡಿ. ಕಾರೀಗರು ಒಪ್ಪಿದರೆ ಕತ್ತರಿಸದ ದೃಶ್ಯವನ್ನೇ ಇಂಟರ್ನೆಟ್ ಆರ್ಕೈವ್‌ಗೋ ವಿಕಿಮೀಡಿಯಾ ಕಾಮನ್ಸ್‌ಗೋ ಏರಿಸಿ, ಇವೆರಡೂ ಪುಕ್ಕಟೆ ಇಡಲು ಬಿಡುವ ಜಾಲತಾಣಗಳು. ಮುಂದೆ ಕಲಿಯಬೇಕು ಅನ್ನುವವರಿಗೆ ಬೇಕಾಗುವುದು ಆ ಉದ್ದ ದೃಶ್ಯವೇ. ಕನ್ನಡದ ಮೊದಲ ಟಾಕಿ 1934ರ 'ಸತಿ ಸುಲೋಚನಾ'. ಇವತ್ತು ನೋಡೋಣ ಅಂದರೆ ಅದರ ಪ್ರತಿಯೇ ಉಳಿದಿಲ್ಲ. ಹತ್ತು ಕಡೆ ನಕಲು ಇದ್ದದ್ದು ಉಳಿಯುತ್ತದೆ, ಒಂದೇ ಕಡೆ ಬೀಗ ಹಾಕಿಟ್ಟದ್ದು ಹೋಗುತ್ತದೆ.

"ನಮ್ಮ ವಿಡಿಯೋ ತಗೊಂಡು ಬೇರೆಯವರು ದುಡ್ಡು ಮಾಡಿಕೊಂಡರೆ?" ಅಂತ ಕೇಳುತ್ತೀರಿ. ಕ್ರಿಯೇಟಿವ್ ಕಾಮನ್ಸ್ ಅಂದರೆ ನಮ್ಮ ಕೆಲಸವನ್ನು ಬೇರೆಯವರು ಹೇಗೆ ಬಳಸಬಹುದು ಅಂತ ಮೊದಲೇ ಹೇಳಿಡುವ ಪರವಾನಗಿ. ಅದರಲ್ಲಿ ವ್ಯಾಪಾರ ಬೇಡ ಅನ್ನುವ ಷರತ್ತೂ ಇದೆ, ಬದಲಾಯಿಸಬೇಡಿ ಅನ್ನುವುದೂ ಇದೆ. ನಾನು ಎರಡೂ ಬೇಡ ಅನ್ನುತ್ತೇನೆ. ಬದಲಾಯಿಸಬೇಡಿ ಅಂದರೆ ಡಬ್ಬಿಂಗೇ ಆಗಲ್ಲ. ವ್ಯಾಪಾರ ಬೇಡ ಅಂದರೆ ತಾಲ್ಲೂಕಿನ ಸಣ್ಣ ಕೇಬಲ್ ಚಾನೆಲ್‌ನವರೂ ಹೆದರುತ್ತಾರೆ. ಬದಲಿಗೆ 'ಶೇರ್ ಅಲೈಕ್' ಷರತ್ತು ಹಾಕಿ. ನಿಮ್ಮದನ್ನು ಬದಲಾಯಿಸಿ ಹೊರಗೆ ಬಿಡುವವರು ತಮ್ಮದನ್ನೂ ಅದೇ ರೀತಿ ಬಿಡಬೇಕಾಗುತ್ತದೆ.

ಇನ್ನೊಂದು ಮಾತು, ಎಡಿಟಿಂಗ್ ಮಾಡುವವರಿಗೆ. ಮಾತು, ಸಂಗೀತ, ಸದ್ದು ಮೂರನ್ನೂ ಬೇರೆ ಬೇರೆ ಫೈಲಿನಲ್ಲಿ ಉಳಿಸಿ ಕೊಡಿ. ಆಗ ನಿಮ್ಮ ಚಿತ್ರಕ್ಕೆ ತೆಲುಗಿನವರು, ಮರಾಠಿಯವರು, ಲಂಬಾಣಿ ತಾಂಡಾದವರು ತಮ್ಮ ದನಿ ಕೊಡುವುದು ಸುಲಭ. ಎಡಿಟಿಂಗ್‌ಗೆ ಕೆಡೆನ್‌ಲೈವ್, ದನಿಗೆ ಆಡಾಸಿಟಿ, ಎರಡೂ ಪುಕ್ಕಟೆ. ದನಿ ಹಿಡಿಯುವಾಗ ಫ್ಯಾನ್ ಬಂದ್ ಮಾಡಿ, ನಮ್ಮ ಬಿಸಿಲಿಗೆ ಕಷ್ಟವೇ, ಬೆಳಗಿನ ಜಾವ ಕೂತರೆ ಆಗುತ್ತದೆ. ಸಿಂಟೆಲ್‌ಗೆ ದನಿ ಕೊಟ್ಟರೆ, ಕೊನೆಯಲ್ಲಿ ಮೂಲ ಚಿತ್ರದ ಹೆಸರು, ಬ್ಲೆಂಡರ್ ಫೌಂಡೇಶನ್ ಹೆಸರು, ಪರವಾನಗಿಯ ಹೆಸರು, ನೀವು ಏನು ಬದಲಾಯಿಸಿದಿರಿ ಅನ್ನುವುದು, ಇಷ್ಟು ಪರದೆ ಮೇಲೆ ಬರಲಿ. ಅದರ ಕೆಳಗೆ ದನಿ ಕೊಟ್ಟವರ ಹೆಸರು, ಅವರ ಊರಿನ ಹೆಸರು ಹಾಕಿ. ನಮಸ್ಕಾರ.