ತೊಡೆಗೆ ಗೊತ್ತಾಗದ ಬಿಸಿ

ಕೇಳುಗರೇ, ನಮಸ್ಕಾರ.

ನನ್ನ ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಪೆಟ್ಟು ಬಿದ್ದಿದೆ. ವೀಲ್‌ಚೇರ್ ಬೇಗ ರೂಢಿಯಾಯಿತು. ಬಿಸಿ, ಚಳಿಯ ಲೆಕ್ಕ ಮಾತ್ರ ಬಹಳ ದಿನ ಕೈಗೆ ಸಿಗಲಿಲ್ಲ.

ಒಂದು ಸಂಜೆ ಕುಡಿಯಲು ಬಿಸಿನೀರು ತೆಗೆದುಕೊಂಡೆ. ಚಕ್ರ ತಳ್ಳಲು ಎರಡೂ ಕೈ ಬೇಕಲ್ವಾ? ಲೋಟವನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕೋಣೆಗೆ ಬಂದೆ. ಏನೂ ಅನಿಸಲಿಲ್ಲ. ರಾತ್ರಿ ಬಟ್ಟೆ ಬದಲಿಸುವಾಗ ನೋಡಿದರೆ ಎರಡೂ ತೊಡೆಯ ಒಳಬದಿಯಲ್ಲಿ ಲೋಟದ ಮೈಯ ಆಕಾರದಲ್ಲೇ ಕೆಂಪು ಪಟ್ಟೆ, ಅದರ ಮೇಲೆ ನೀರುಗುಳ್ಳೆ. ಮಾಯಲು ತಿಂಗಳೇ ಬೇಕಾಯಿತು.

60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿಗೆ ಚರ್ಮ ಸುಡಲು 5 ಸೆಕೆಂಡು ಸಾಕು. ಬೇರೆಯವರು ಅಷ್ಟರಲ್ಲಿ ಚಟ್ಟನೆ ಕಾಲು ಎಳೆದುಕೊಂಡಿರುತ್ತಾರೆ. ಅದಕ್ಕೇ ಸ್ನಾನದ ನೀರಿಗೆ ಮೊದಲು ಮೊಣಕೈ ಇಳಿಸುತ್ತೇನೆ, ಆಮೇಲೆ ಕಾಲು. ಕುತ್ತಿಗೆಯಲ್ಲಿ ಪೆಟ್ಟಾದವರಿಗೆ ಕೈಯೂ ಮೋಸ ಮಾಡಬಹುದು, ಅವರಿಗೆ ಥರ್ಮಾಮೀಟರೇ ಗತಿ. ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಡುವುದನ್ನೂ ಬಿಟ್ಟಿದ್ದೇನೆ.

"ಮುಟ್ಟಿದರೆ ಗೊತ್ತಾಗುತ್ತೆ ಅಂತೀರಲ್ಲ, ಬಿಸಿ ಯಾಕೆ ಗೊತ್ತಾಗಲ್ಲ?" ಎಂದು ಪೆಟ್ಟಾದ ಮೇಲೂ ಸ್ಪರ್ಶ ಉಳಿದಿರುವ ಕೆಲವರನ್ನು ಜನ ಕೇಳುವುದುಂಟು. ಬೆನ್ನುಹುರಿಯಲ್ಲಿ ಸ್ಪರ್ಶದ ದಾರಿ ಬೇರೆ, ಬಿಸಿ ಮತ್ತು ನೋವಿನ ದಾರಿ ಬೇರೆ. ಹುರಿಯ ಒಂದು ಪಕ್ಕಕ್ಕೆ ಮಾತ್ರ ಪೆಟ್ಟಾದರೆ ಇನ್ನೂ ವಿಚಿತ್ರ: ಶಕ್ತಿ ಇರುವ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ, ಸೋತ ಕಾಲಿಗೆ ಗೊತ್ತಾಗುತ್ತದೆ!

ಇನ್ನು ಬೆವರು. ಮೈಯ ಶಾಖ ನೋಡಿಕೊಳ್ಳುವ ಹೈಪೋಥಲಾಮಸ್ ಇರುವುದು ಮೆದುಳಿನಲ್ಲಿ. ಅದಕ್ಕೇನೂ ಆಗಿಲ್ಲ. 'ಬೆವರು', 'ನಡುಗು' ಎಂಬ ಅದರ ಅಪ್ಪಣೆ ಮಾತ್ರ ಪೆಟ್ಟಿನ ಜಾಗ ದಾಟಿ ಕೆಳಗಿಳಿಯುವುದಿಲ್ಲ. ಪೆಟ್ಟು ಎದೆಭಾಗದ ಆರನೇ ಬೆನ್ನುಮೂಳೆಯ ಮಟ್ಟಕ್ಕೋ ಅದರ ಮೇಲಕ್ಕೋ ಇದ್ದರೆ ತೊಂದರೆ ಜಾಸ್ತಿ. ಬಿಸಿಲಿನಲ್ಲಿ ಕೂತರೆ ಮೈಯೂ ಸುತ್ತಲಿನ ಗಾಳಿಯ ಹಾಗೇ ಕಾಯುತ್ತಾ ಹೋಗುತ್ತದೆ. ಹಾಗಾಗಿ ಬೆವರನ್ನು ಬಾಟಲಿಯಲ್ಲಿ ಹೊತ್ತು ತಿರುಗುತ್ತೇನೆ. ತೋಳು, ಕಾಲುಗಳಿಗೆ ನೀರು ಚಿಮುಕಿಸಿ ಫ್ಯಾನಿನ ಮುಂದೆ ಕೂತರೆ ತಂಪಾಗುತ್ತದೆ. ಬರೀ ಫ್ಯಾನ್ ಸಾಲದು, ಆರಲು ಚರ್ಮದ ಮೇಲೆ ನೀರಿರಬೇಕು.

ಸೆಕೆಗೆ ಮೈ ಕಾದದ್ದೋ, ನಿಜವಾದ ಜ್ವರವೋ? ನೆರಳಿಗೆ ಬಂದು, ನೀರು ಕುಡಿದು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅಳೆಯುತ್ತೇನೆ. ಇಳಿಯದಿದ್ದರೆ ಮೂತ್ರದ ಸೋಂಕಿನ ಅನುಮಾನ, ಡಾಕ್ಟರಿಗೆ ಫೋನು.

ಚಳಿಯಲ್ಲಿ ಪಾದ ಒಮ್ಮೆ ತಣ್ಣಗಾದರೆ ಗಂಟೆಗಟ್ಟಲೆ ಬೆಚ್ಚಗಾಗುವುದಿಲ್ಲ. ಮನೆಯವರು ಪ್ರೀತಿಯಿಂದ ಬಿಸಿನೀರಿನ ಚೀಲ ತರುತ್ತಾರೆ. ಬೇಡ ಅನ್ನುವುದು ಕಷ್ಟ, ಆದರೂ ಅನ್ನುತ್ತೇನೆ. ಸಡಿಲ ಕಾಲುಚೀಲ, ಎರಡು ಹೊದಿಕೆ ಸಾಕು. ಕೆಲವು ರಾತ್ರಿ ಕಾಲು ಧಗಧಗ ಉರಿದ ಹಾಗಿರುತ್ತದೆ. ಮುಟ್ಟಿದರೆ ತಣ್ಣಗಿರುತ್ತದೆ. ಅದು ನರದ ನೋವು. ಆಗ ನಾನು ನಂಬುವುದು ಕೈಯನ್ನು.

ಒಂದು ವಿಷಯ ನಿಧಾನವಾಗಿ ಹೇಳುತ್ತೇನೆ. ಎದೆಯ ಆ ಆರನೇ ಮಟ್ಟಕ್ಕೋ ಅದರ ಮೇಲಕ್ಕೋ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ ಬೆವರಿದರೆ ಅದನ್ನು ಸೆಕೆ ಅಂದುಕೊಳ್ಳಬೇಡಿ. ರಕ್ತದೊತ್ತಡ ಏರುತ್ತಿರಬಹುದು. ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಮಡಚಿದೆಯೇ ನೋಡಿ. ಕಾಲಿನಲ್ಲಿ ಸುಟ್ಟ ಗಾಯವಿದ್ದರೂ ಹೀಗಾಗುತ್ತದೆ. ತಕ್ಷಣ ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೊರಡಿ.

ಈಗ ನನ್ನ ಲೋಟಕ್ಕೆ ಮುಚ್ಚಳವಿದೆ. ಅದನ್ನು ಇಡಲು ವೀಲ್‌ಚೇರಿನ ಪಕ್ಕಕ್ಕೆ ಒಂದು ಬಳೆ ಹಾಕಿಸಿದ್ದೇನೆ. ಚಕ್ರ ಹೊಸಿಲು ಹತ್ತುವಾಗ ಲೋಟ ಗಲಗಲ ಅನ್ನುತ್ತದೆ, ನೀರು ಚೆಲ್ಲುವುದಿಲ್ಲ.