ಹದಿನೇಳನೇ ಬೀದಿಯ ಶಾಲೆ

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತನ್ನು ಒಬ್ಬ ಸೋದರತ್ತೆಯಿಂದ ಶುರು ಮಾಡುತ್ತೇನೆ. ಹೆಸರು ಸೊಲೆದಾದ್ ವಿದೌರಿ. ಎರಡನೇ ಮಹಾಯುದ್ಧದ ಕಾಲ. ಊರು ಅಮೆರಿಕದ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ಅನ್ನೋ ಜಿಲ್ಲೆಯ ವೆಸ್ಟ್‌ಮಿನ್‌ಸ್ಟರ್. ಹೆಸರಿಗೆ ತಕ್ಕ ಹಾಗೆ ಆಗ ಆ ಕೌಂಟಿಯ ತುಂಬ ಕಿತ್ತಳೆ ತೋಟಗಳು. ಹಣ್ಣು ಕೀಳೋಕೆ ಮೆಕ್ಸಿಕೊ ಮೂಲದವರು ಬೇಕಿತ್ತು. ಅವರ ಮಕ್ಕಳು ಮಾತ್ರ ಊರಿನ ಒಳ್ಳೆಯ ಶಾಲೆಗೆ ಬೇಡವಾಗಿತ್ತು.

ಸೊಲೆದಾದ್ ತನ್ನ ಮಕ್ಕಳ ಜೊತೆ ತಮ್ಮನ ಮೂರು ಮಕ್ಕಳನ್ನೂ ಕರೆದುಕೊಂಡು ಹದಿನೇಳನೇ ಬೀದಿಯ ಶಾಲೆಗೆ ಹೋದಳು. ಅವಳ ಮಕ್ಕಳು ಬೆಳ್ಳಗಿದ್ದರು. ವಿದೌರಿ ಅನ್ನೋ ಹೆಸರು ಕಿವಿಗೆ ಫ್ರೆಂಚ್ ಥರ ಕೇಳುತ್ತದೆ. ಅವರಿಗೆ ಸೀಟು ಸಿಕ್ಕಿತು. ತಮ್ಮನ ಮಕ್ಕಳ ಬಣ್ಣ ಕಂದು, ಹೆಸರು ಮೆಂಡೆಜ್. ಇವರನ್ನು ಮೆಕ್ಸಿಕನ್ ಶಾಲೆಗೆ, ಅಂದರೆ ಮೆಕ್ಸಿಕೊ ಮೂಲದ ಮಕ್ಕಳಿಗೇ ಅಂತ ಇದ್ದ ಬೇರೆ ಶಾಲೆಗೆ, ಸೇರಿಸಿ ಅಂದರು. ಒಂದೇ ಮನೆತನದ ಮಕ್ಕಳು, ಒಂದೇ ಮೇಜಿನ ಮುಂದೆ ನಿಂತವರು! ಸೊಲೆದಾದ್ ಅಲ್ಲಿ ತನ್ನ ಮಕ್ಕಳನ್ನೂ ಬಿಡಲಿಲ್ಲ. ಎಲ್ಲರನ್ನೂ ವಾಪಸ್ ಕರೆದುಕೊಂಡು ಬಂದಳು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ವಾಪಸ್ ಬಂದ ನಡಿಗೆ.

ಅವಳ ತಮ್ಮ ಗೊನ್ಸಾಲೊ ಮೆಂಡೆಜ್ ಹುಟ್ಟಿದ್ದು ಮೆಕ್ಸಿಕೊದಲ್ಲಿ. ಹೆಂಡತಿ ಫೆಲಿಸಿತಾಸ್ ಪೋರ್ಟೊ ರಿಕೊದವರು. ಅವರು ಗುತ್ತಿಗೆಗೆ ಹಿಡಿದಿದ್ದ ಜಮೀನು ಮುನೆಮಿತ್ಸು ಅನ್ನೋ ಜಪಾನಿ ಮೂಲದ ಕುಟುಂಬದ್ದು. ಯುದ್ಧದ ಕಾಲದಲ್ಲಿ ಸರ್ಕಾರ ಆ ಕುಟುಂಬವನ್ನು ಅರಿಜೋನಾದ ಶಿಬಿರದಲ್ಲಿ ಕೂಡಿಹಾಕಿತ್ತು. ಒಂದು ಕುಟುಂಬವನ್ನು ಅವರ ಮೂಲ ನೋಡಿ ಊರು ಬಿಡಿಸಿದರು, ಆ ಹೊಲ ಉಳುತ್ತಿದ್ದ ಇನ್ನೊಂದು ಕುಟುಂಬವನ್ನು ಅವರ ಮೂಲ ನೋಡಿ ಶಾಲೆಯಿಂದ ಹೊರಗಿಟ್ಟರು.

ಮೆಕ್ಸಿಕನ್ ಮಕ್ಕಳನ್ನು ಬೇರೆ ಕೂರಿಸಲು ಶಾಲೆಯವರು ಕೊಡುತ್ತಿದ್ದ ಕಾರಣ ಭಾಷೆ. ಇವರಿಗೆ ಇಂಗ್ಲಿಷ್ ಬರುವುದಿಲ್ಲ, ಬೇರೆ ಇಟ್ಟು ಕಲಿಸಿದರೆ ಇವರಿಗೇ ಒಳ್ಳೆಯದು ಅನ್ನೋ ಮಾತು. ಕೇಳೋಕೆ ಎಷ್ಟು ಕಾಳಜಿ, ಅಲ್ವಾ? ಆದರೆ ಇಂಗ್ಲಿಷ್ ಚೆನ್ನಾಗಿ ಬರುವ ಮಕ್ಕಳೂ ಅಲ್ಲಿಗೇ ಹೋಗಬೇಕಿತ್ತು.

ಈ ಮಾತು ಅದಕ್ಕೂ ಮೊದಲೇ ಒಮ್ಮೆ ಕೋರ್ಟಿನಲ್ಲಿ ಸೋತಿತ್ತು. 1931ರ ಜನವರಿ 5ರಂದು ಸ್ಯಾನ್ ಡಿಯಾಗೊ ಹತ್ತಿರದ ಲೆಮನ್ ಗ್ರೋವ್‌ನಲ್ಲಿ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು ಸುಮಾರು 75 ಮಕ್ಕಳನ್ನು ತಡೆದರು. ಹೊಸದಾಗಿ ಕಟ್ಟಿದ ಎರಡು ಕೋಣೆಯ ಶೆಡ್ಡಿಗೆ ಹೋಗಿ ಅಂದರು. ತಂದೆತಾಯಂದಿರು ಅದಕ್ಕೆ ಇಟ್ಟ ಹೆಸರು 'ಲಾ ಕಬಾಯೆರೀಸಾ', ಅಂದರೆ ಕುದುರೆ ಲಾಯ. ಅದು ಮೆಕ್ಸಿಕೊ ಮೂಲದವರನ್ನು ಗಡಿಯಾಚೆ ಕಳಿಸುತ್ತಿದ್ದ ಕಾಲ. ಆದರೂ ಅವರು ನೆರೆಹೊರೆಯವರ ಸಮಿತಿ ಕಟ್ಟಿ, ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡು, 12 ವರ್ಷದ ರೊಬೆರ್ತೊ ಅಲ್ವಾರೆಸ್ ಹೆಸರಿನಲ್ಲಿ ಕೇಸು ಹಾಕಿ ಗೆದ್ದರು. ಆದರೆ ಗೆಲುವು ಆ ಊರಿನಾಚೆ ಹೋಗಲಿಲ್ಲ.

ಗೊನ್ಸಾಲೊ ಬೇರೆ ಊರುಗಳ ತಂದೆತಾಯಂದಿರನ್ನು ಹುಡುಕಿಕೊಂಡು ಹೊರಟ. ವಕೀಲ ಡೇವಿಡ್ ಮಾರ್ಕಸ್ ಸಿಕ್ಕರು. 1945ರ ಮಾರ್ಚ್‌ನಲ್ಲಿ ಐದು ಕುಟುಂಬಗಳು ಸುಮಾರು 5,000 ಮಕ್ಕಳ ಪರವಾಗಿ ನಾಲ್ಕು ಶಾಲಾ ಜಿಲ್ಲೆಗಳ, ಅಂದರೆ ಊರಿನ ಶಾಲೆಗಳನ್ನು ನಡೆಸುವ ಆಡಳಿತಗಳ ಮೇಲೆ ಕೇಸು ಹಾಕಿದವು. ಗಂಡ ಕೇಸಿಗೆ ಅಲೆಯುವಾಗ ಹೊಲ ನೋಡಿಕೊಂಡವಳು ಫೆಲಿಸಿತಾಸ್. ಕೇಸಿನ ಖರ್ಚಿನ ಹಣ ಆ ಹೊಲದ ಬೆಳೆಯಿಂದಲೇ ಬರಬೇಕಿತ್ತು.

ಮೆಕ್ಸಿಕನ್ ಮಕ್ಕಳು ಶುಚಿತ್ವದಲ್ಲಿ, ಬುದ್ಧಿಯಲ್ಲಿ ಕೀಳು ಅಂತ ಒಬ್ಬ ಶಾಲಾಧಿಕಾರಿ ಕೋರ್ಟಿನಲ್ಲೇ ಹೇಳಿದರು. ಮಾರ್ಕಸ್ ಸಾಕ್ಷಿ ಕಟ್ಟೆಗೆ ಕರೆದವರಲ್ಲಿ 14 ವರ್ಷದ ಹುಡುಗಿಯೊಬ್ಬಳಿದ್ದಳು. ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ಭಾಷೆ ಬಾರದು ಅನ್ನೋ ವಾದಕ್ಕೆ ಇನ್ನೇನು ಉತ್ತರ ಬೇಕು?

1946ರ ಫೆಬ್ರವರಿಯಲ್ಲಿ ನ್ಯಾಯಾಧೀಶ ಪಾಲ್ ಮೆಕಾರ್ಮಿಕ್ ತೀರ್ಪು ಕೊಟ್ಟರು. ಕಟ್ಟಡ, ಪುಸ್ತಕ, ಪಾಠ ಒಂದೇ ಇದ್ದ ಮಾತ್ರಕ್ಕೆ ಸಮಾನತೆ ಬರುವುದಿಲ್ಲ ಅಂದರು. ಬೇರೆ ಇಟ್ಟರೆ ಮಕ್ಕಳಿಗೆ ಇಂಗ್ಲಿಷ್ ಕಿವಿಗೆ ಬೀಳುವುದೇ ಕಡಿಮೆ, ಅದರಿಂದ ಕಲಿಕೆ ಹಿಂದೆ ಬೀಳುತ್ತದೆ ಅಂತಲೂ ಬರೆದರು. ಭಾಷೆ ಕಲಿಸುವ ನೆಪದ ಬುಡಕ್ಕೇ ಇದು ಕೊಡಲಿ ಪೆಟ್ಟು. 1947ರ ಏಪ್ರಿಲ್‌ನಲ್ಲಿ ಮೇಲಿನ ಕೋರ್ಟೂ ಆ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಗವರ್ನರ್ ಅರ್ಲ್ ವಾರನ್ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಉಳಿದಿದ್ದ ಪ್ರತ್ಯೇಕ ಶಾಲೆಯ ನಿಯಮಗಳನ್ನು ತೆಗೆಯುವ ಮಸೂದೆಗೆ ಸಹಿ ಹಾಕಿದರು. ಕಪ್ಪು ಮಕ್ಕಳನ್ನು ಬೇರೆ ಶಾಲೆಯಲ್ಲಿಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಇಡೀ ದೇಶಕ್ಕೆ ಹೇಳಿದ 1954ರ ಬ್ರೌನ್ ತೀರ್ಪನ್ನು ಓದಿದ ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಇದೇ ವಾರನ್.

ಆ ಮೂರು ಮಕ್ಕಳಲ್ಲಿ ದೊಡ್ಡವಳು ಸಿಲ್ವಿಯಾ ಮೆಂಡೆಜ್. ಮುಂದೆ ನರ್ಸ್ ಆಗಿ ದುಡಿದರು. ನಿವೃತ್ತಿಯಾದ ಮೇಲೆ ತಾಯಿಯ ಆಸೆಯಂತೆ ಊರೂರಿನ ಶಾಲೆಗಳಿಗೆ ಹೋಗಿ ಈ ಕಥೆ ಹೇಳಲು ಶುರು ಮಾಡಿದರು. 2011ರಲ್ಲಿ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಅವರ ಕೊರಳಿಗೆ ಬಂತು.

ಸಿಲ್ವಿಯಾ ನೆನಪು ಮಾಡಿಕೊಳ್ಳುವ ಒಂದು ವಿಷಯ ಹೇಳಿ ಕೂರುತ್ತೇನೆ. ಅವರನ್ನು ಕಳಿಸಿದ ಮೆಕ್ಸಿಕನ್ ಶಾಲೆಯ ಪಕ್ಕ ಹಸು ಮೇಯುವ ಜಾಗ, ಅದಕ್ಕೆ ಕರೆಂಟ್ ಬೇಲಿ. ಇನ್ನೊಂದು ಶಾಲೆಯಲ್ಲಿ ಚೆಂದದ ಆಟದ ಮೈದಾನ. ಅಪ್ಪ ಅಮ್ಮನ ಜೊತೆ ಕೋರ್ಟಿನಲ್ಲಿ ಕೂತಿದ್ದ ಆ ಪುಟ್ಟ ಹುಡುಗಿ, ತನ್ನನ್ನು ಆ ಮೈದಾನದಲ್ಲಿ ಆಡಲು ಬಿಡಲಿ ಅಂತಲೇ ಇವರೆಲ್ಲ ಇಷ್ಟು ಹೊಡೆದಾಡುತ್ತಿದ್ದಾರೆ ಅಂದುಕೊಂಡಿದ್ದಳಂತೆ.