ಗಿರಾಕಿಯ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ನಾನು ತುಮಕೂರಿನ ಕಾಲೇಜೊಂದರಲ್ಲಿ ಮಾರ್ಕೆಟಿಂಗ್ ಪಾಠ ಮಾಡುವ ಮೇಷ್ಟ್ರು. 30 ವರ್ಷ ಆಯಿತು. ಮುಂದಿನ ತಿಂಗಳು ನಿವೃತ್ತಿ. ಜನ ಒಂದು ಸಾಮಾನನ್ನು ಯಾಕೆ ಕೊಳ್ಳುತ್ತಾರೆ, ಇನ್ನೊಂದನ್ನು ಯಾಕೆ ಬಿಡುತ್ತಾರೆ ಅನ್ನುವುದೇ ನಾನು ಓದಿದ, ಕಲಿಸಿದ ವಿಷಯ. ಪುಸ್ತಕದಲ್ಲಿ ಇದಕ್ಕೆ ಗ್ರಾಹಕ ವರ್ತನೆ ಎಂದು ಹೆಸರು. ಆದರೆ ನಮ್ಮ ಮಂಡಿಪೇಟೆಯಲ್ಲಿ ಗ್ರಾಹಕ ಎಂದು ಯಾರೂ ಅನ್ನುವುದಿಲ್ಲ, ಗಿರಾಕಿ ಅನ್ನುತ್ತಾರೆ. ನನಗೂ ಅದೇ ಮಾತು ಹತ್ತಿರ.

ಶುರುವಿನಲ್ಲಿ ನಾನು ಪ್ರಶ್ನೆಗಳ ಹಾಳೆ ಅಚ್ಚು ಹಾಕಿಸಿಕೊಂಡು ಅಂಗಡಿ ಮುಂದೆ ನಿಲ್ಲುತ್ತಿದ್ದೆ. ಏನು ನೋಡಿ ಕೊಳ್ಳುತ್ತೀರಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ. ಕ್ವಾಲಿಟಿ ನೋಡ್ತೀವಿ ಸಾರ್, ರೇಟು ನೋಡ್ತೀವಿ. ಹಾಗೆ ಹೇಳಿದವರೇ ಒಳಗೆ ಹೋಗಿ, 'ಯಾವಾಗ್ಲೂ ತಗೊಳ್ಳೋದೇ ಕೊಡಣ್ಣ' ಅನ್ನುತ್ತಿದ್ದರು. ರೇಟೂ ಕೇಳಲಿಲ್ಲ, ಪೊಟ್ಟಣ ತಿರುಗಿಸಿಯೂ ನೋಡಲಿಲ್ಲ. ಸುಳ್ಳು ಹೇಳಿದರು ಎಂದಲ್ಲ. ಮೇಷ್ಟ್ರು ಕೇಳಿದರು, ಮೇಷ್ಟ್ರಿಗೆ ಒಪ್ಪುವ ಉತ್ತರ ಕೊಟ್ಟರು, ಅಷ್ಟೇ. ಆ ಹಾಳೆಗಳನ್ನು ಕಟ್ಟಿಟ್ಟು ನಾನು ಸುಮ್ನೆ ನಿಂತು ನೋಡುವುದನ್ನು ಕಲಿತೆ.

ಹಾಗೆ ನೋಡುವಾಗಲೇ ಒಬ್ಬ ಹೆಂಗಸು ಕಣ್ಣಿಗೆ ಬಿದ್ದರು. ಗಾರೆ ಕೆಲಸಕ್ಕೆ ಹೋಗುವವರು. ದಿನಾ ಸಂಜೆ ಒಂದು ಚಿಕ್ಕ ಟೀಪುಡಿ ಪ್ಯಾಕೆಟ್ ಕೊಳ್ಳುತ್ತಿದ್ದರು. ದೊಡ್ಡ ಪ್ಯಾಕೆಟ್ ಕೊಂಡರೆ ಲಾಭ. ಪಾಪ, ಲೆಕ್ಕ ಗೊತ್ತಿಲ್ಲ ಎಂದುಕೊಂಡೆ. ಒಂದು ದಿನ ಕೇಳಿಯೇಬಿಟ್ಟೆ. ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. 'ದೊಡ್ಡದು ತಂದ್ರೆ ಮನೇಲಿ ಎಲ್ರೂ ಕೈ ಬಿಟ್ಟು ಸುರೀತಾರೆ ಸಾರ್. ವಾರ ಬರೋದು ಮೂರೇ ದಿನಕ್ಕೆ ಖಾಲಿ. ಅಲ್ದೆ ಇವತ್ತಿನ ಕೂಲಿ ಇವತ್ತು ಬರುತ್ತೆ, ನಾಳೆ ಕೆಲ್ಸ ಇರುತ್ತೋ ಇಲ್ವೋ.' ನಾನು ಗ್ರಾಂ ಲೆಕ್ಕ ಹಾಕಿದ್ದೆ. ಅವರು ಇಡೀ ಮನೆಯ ಲೆಕ್ಕ ಹಾಕಿದ್ದರು.

ಈ ಚಿಕ್ಕ ಪೊಟ್ಟಣದ ಶಕ್ತಿಯನ್ನು ನಮ್ಮ ಪಕ್ಕದ ತಮಿಳುನಾಡಿನವರು ಮೊದಲೇ ಕಂಡುಕೊಂಡಿದ್ದರು. ಕಡಲೂರಿನ ಚಿನ್ನಿ ಕೃಷ್ಣನ್ ಶಾಂಪೂವನ್ನು ಸ್ಯಾಷೆಗೆ ತುಂಬಿದರು. 1983ರಲ್ಲಿ ಅವರ ಮಗ ರಂಗನಾಥನ್ ಚಿಕ್ ಶಾಂಪೂ ಶುರು ಮಾಡಿದರು. ಕೂಲಿಯವರ ಜೇಬು ಎಷ್ಟಿದೆ ಎಂದು ನೋಡಿ ಅಷ್ಟಕ್ಕೇ ಸಾಮಾನು ಕಟ್ಟಿದರು.

ಇನ್ನೊಂದು ವಿಷಯ ನಾನು ಪ್ರತಿ ವರ್ಷ ಆಸೆಯಿಂದ ಪಾಠ ಮಾಡುತ್ತೇನೆ. ರಿಚರ್ಡ್ ಥೇಲರ್ ಎಂಬ ಅಮೆರಿಕದ ಪ್ರೊಫೆಸರ್, 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಹಣ ಎಲ್ಲಾ ಒಂದೇ ಆದರೂ ಜನ ಮನಸ್ಸಿನಲ್ಲಿ ಅದನ್ನು ಬೇರೆ ಬೇರೆ ಖಾತೆ ಮಾಡಿ ಇಡುತ್ತಾರೆ ಎಂದು 1985ರಲ್ಲಿ ಬರೆದರು. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಅಮ್ಮನ ಸಾಸಿವೆ ಡಬ್ಬಿ. ಹಾಲು ಮಾರಿದ ದುಡ್ಡು ಸಾಸಿವೆ ಡಬ್ಬಿಗೆ, ಅದು ನಮ್ಮ ಪುಸ್ತಕ, ಪೆನ್ನಿಗೆ. ಮೆಂತ್ಯದ ಡಬ್ಬಿಯದು ಹಬ್ಬಕ್ಕೆ. ಮನೆಯಲ್ಲಿ ಎಷ್ಟೇ ಕಷ್ಟ ಬಂದರೂ ಅಮ್ಮ ಇದರದನ್ನು ಅದಕ್ಕೆ ಬೆರೆಸಲಿಲ್ಲ. ಕ್ಲಾಸಿನಲ್ಲಿ ಇದನ್ನು ಹೇಳಿದರೆ ಹುಡುಗರ ಮುಖ ಅರಳುತ್ತದೆ. ನಮ್ಮಜ್ಜಿದು ಅಕ್ಕಿ ಡ್ರಮ್ಮು ಸಾರ್ ಎನ್ನುತ್ತಾಳೆ ಒಬ್ಬಳು.

ನಮ್ಮ ಜಿಲ್ಲೆಯ ಕೊಬ್ಬರಿಯೂ ನನಗೆ ಪಾಠ ಹೇಳಿದೆ. ತಿಪಟೂರು ಕಡೆ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಆಗಬೇಕು. ನಮ್ಮ ದೊಡ್ಡಪ್ಪನ ಅಟ್ಟದಲ್ಲಿ ಒಂದು ವರ್ಷ ತುಂಬಾ ಕೊಬ್ಬರಿ ಇತ್ತು, ರೇಟೂ ಚೆನ್ನಾಗಿತ್ತು. ಇನ್ನೂ ಏರುತ್ತದೆ ಎಂದು ಕಾದರು. ಇಳಿಯಿತು. ಆಗಲೂ ಕೊಡಲಿಲ್ಲ. 'ಆ ರೇಟು ಕಣ್ಣಲ್ಲಿ ನೋಡಿದ ಮೇಲೆ ಇದಕ್ಕೆ ಹೆಂಗ್ ಕೊಡ್ಲಪ್ಪ?' ಇನ್ನೂ ಇಳಿಯಿತು. ಎಷ್ಟೋ ವರ್ಷದ ಮೇಲೆ ನಾನು ಡೇನಿಯಲ್ ಕಾನೆಮನ್, ಅಮೋಸ್ ಟ್ವರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಸೇರಿ 1979ರಲ್ಲಿ ಬರೆದ ಲೇಖನ ಓದಿದೆ. ನೂರು ರೂಪಾಯಿ ಬಂದ ಖುಷಿಗಿಂತ ನೂರು ಹೋದ ಸಂಕಟ ದೊಡ್ಡದು. ಬಂತೋ ಹೋಯಿತೋ ಎನ್ನುವುದನ್ನೂ ಜನ ಮನಸ್ಸಿನಲ್ಲಿ ನೆಟ್ಟ ಒಂದು ಗೂಟದಿಂದ ಅಳೆಯುತ್ತಾರೆ. ದೊಡ್ಡಪ್ಪನ ಗೂಟ ಆ ಹಳೇ ರೇಟು. ಲೈಬ್ರರಿಯಲ್ಲಿ ಕೂತು ಕಣ್ಣು ತುಂಬಿಕೊಂಡೆ. ಅವರನ್ನು ಹಟಮಾರಿ ಎಂದು ಮನೆಮಂದಿಯೆಲ್ಲ ಬೈದಿದ್ದೆವು.

ನನ್ನ ಹುಡುಗರು ಈಗ ದೊಡ್ಡ ಕಂಪನಿಗಳಲ್ಲಿದ್ದಾರೆ. ಅದು ಸಂತೋಷ, ಅದೇ ನನ್ನ ಚಿಂತೆ ಕೂಡ. ಗಿರಾಕಿಯ ಮನಸ್ಸು ತಿಳಿದವರು ಅವರಿಗೆ ಒಳ್ಳೆಯದನ್ನೂ ಕೊಡಬಹುದು, ಟೋಪಿಯನ್ನೂ ಹಾಕಬಹುದು. ಮೊಬೈಲ್ ತೆಗೆದರೆ 'ಇನ್ನು ಎರಡೇ ಉಳಿದಿವೆ' ಎಂದು ಹೆದರಿಸುತ್ತಾರೆ. ನಾವು ಕೇಳದ ಸಾಮಾನು ಬಿಲ್ಲಿನಲ್ಲಿ ಬಂದು ಕೂತಿರುತ್ತದೆ. ನೀವೂ ನೋಡಿದ್ದೀರಿ, ಅಲ್ವಾ? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಮೋಸ ಹೋದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕ್ಲಾಸಿನಲ್ಲೂ ಈ ನಂಬರನ್ನು ಬೋರ್ಡಿನ ಮೇಲೆ ಬರೆದೇ ಪಾಠ ಶುರು ಮಾಡುತ್ತೇನೆ.

ಬರುವ ಶನಿವಾರ ನನ್ನ ಕೊನೆಯ ತಂಡವನ್ನು ಮಂಡಿಪೇಟೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಪ್ರಶ್ನೆಗಳ ಹಾಳೆ ಇರುವುದಿಲ್ಲ. ಒಬ್ಬೊಬ್ಬರು ಒಂದೊಂದು ಅಂಗಡಿಯ ಪಕ್ಕ, ವ್ಯಾಪಾರಕ್ಕೆ ಅಡ್ಡ ಬಾರದ ಹಾಗೆ, ಒಂದು ಗಂಟೆ ನಿಲ್ಲುತ್ತಾರೆ. ನೀವು ಆ ಕಡೆ ಬಂದಾಗ ನೋಟ್‌ಬುಕ್ ಹಿಡಿದ ಹುಡುಗಿಯೊಬ್ಬಳು 'ಅಮ್ಮಾ, ಇದನ್ನೇ ಯಾಕೆ ತಗೊಂಡ್ರಿ?' ಎಂದು ಕೇಳಿದರೆ, ಎರಡು ನಿಮಿಷ ನಿಂತು ಹೇಳಿ.

ನಮಸ್ಕಾರ.